ಕ್ಯಾಸಲ್‌ರಾಕ್‌ಗೆ ರೈಲು ನೋಡಲು ಹೋಗುವುದಾದರೆ

"ಯಾವ ಗಾಡಿಗೆ ನಿಂತೀರಿ ಸರ?" ಅಂತ ರೈಲ್ವೆಯ ಹಿರಿಯರೊಬ್ಬರು ಕೇಳಿದರು. ಯಾವ ಗಾಡಿಗೂ ಅಲ್ಲ, ಸುಮ್ನೆ ನೋಡಲು ಬಂದೆ ಅಂದೆ. ನನ್ನನ್ನೊಮ್ಮೆ, ಜುಲೈ ಮಳೆಗೆ ಮಡಚಿಕೊಂಡಿದ್ದ ನನ್ನ ಕೊಡೆಯನ್ನೊಮ್ಮೆ ನೋಡಿದರು. "ಹಂಗಿದ್ರ ಮುಂದ ಯಾಕ ನಿಂತೀರಿ? ಹಿಂದ ಹೋಗ್ರಿ."

ಅವರು ಹೇಳದಿದ್ದರೆ ನನ್ನ ಪ್ರವಾಸ ದಂಡವಾಗುತ್ತಿತ್ತು.

ಕ್ಯಾಸಲ್‌ರಾಕ್ ಉತ್ತರ ಕನ್ನಡದ ಅಂಚಿನ ಸ್ಟೇಷನ್. ಇಲ್ಲಿಂದ ಗೋವಾದ ಕುಳೆಂವರೆಗೆ ಸುಮಾರು 26 ಕಿ.ಮೀ. ಘಟ್ಟ. ಕುಳೆಂ ಕಡೆಯಿಂದ ಹತ್ತುವಾಗ ಏರು 37ಕ್ಕೆ 1, ಅಂದರೆ 37 ಮೀಟರ್ ಸಾಗುವಷ್ಟರಲ್ಲಿ ಒಂದು ಮೀಟರ್ ಮೇಲೆ. ಕಾಲಿಗೆ ಇದು ಏನೂ ಅಲ್ಲ, ರೈಲಿಗೆ ಭಾರೀ ಕಡಿದು. ಮುರ್ಮುಗಾಂವ್ ಬಂದರಿನಿಂದ ಕಲ್ಲಿದ್ದಲು ಹೊತ್ತು ಬರುವ ಗೂಡ್ಸ್‌ಗೆ ಮುಂದಿನ ಎಂಜಿನ್ ಸಾಲುವುದಿಲ್ಲ. ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್‌ಗಳು ಬೇಕು. ಮುಂದಿನ ಎಂಜಿನ್ ನೋಡಲು ಇಲ್ಲಿಗೇ ಬರಬೇಕಿಲ್ಲ, ಹುಬ್ಬಳ್ಳಿಯಲ್ಲೇ ಸಿಗುತ್ತದೆ ಅಲ್ವಾ!

ಹಿಂದಕ್ಕೆ ಹೋಗಿ ನಿಂತೆ. ಅಷ್ಟರಲ್ಲಿ ಮಂಜು ಇಳಿಯಿತು. ಹತ್ತು ಹೆಜ್ಜೆ ಆಚೆ ಏನೂ ಕಾಣದು. ಕ್ಯಾಮೆರಾ ಚೀಲಕ್ಕೆ ಸೇರಿತು. ಆಮೇಲೆ ಕಣಿವೆಯಿಂದ ಗುಡುಗಿನಂಥ ಸದ್ದು ಶುರು. ಗಾಡಿ ಸುರಂಗಕ್ಕೆ ಹೊಕ್ಕಾಗ ಸದ್ದು ನಿಲ್ಲುತ್ತದೆ, ಹೊರಬಂದಾಗ ಇನ್ನೂ ಹತ್ತಿರದಿಂದ ಕೇಳುತ್ತದೆ. ಕಾಲು ಗಂಟೆ ಹೀಗೇ. ಕೊನೆಗೆ ಒಂದು ದೀಪ, ಒದ್ದೆ ವ್ಯಾಗನ್‌ಗಳ ಸಾಲು, ನಡೆಯುವವರ ವೇಗ. ಸಾಲು ಮುಗಿಯಿತು ಅನ್ನುವಾಗ ಪೂರ್ತಿ ಜೋರಿನಲ್ಲಿ ಕೂಗುತ್ತಿದ್ದ ಡೀಸೆಲ್ ಬ್ಯಾಂಕರ್‌ಗಳು ಬಂದವು. ಅಂಗಾಲಿಗೇ ನಡುಕ ತಾಗಿತು. ಒಂದೂ ಫೋಟೊ ಇಲ್ಲ. ಬೇಜಾರೂ ಇಲ್ಲ.

ಇನ್ನೊಂದು ಸಂಗತಿ ಆ ಹಿರಿಯರೇ ಹೇಳಿದ್ದು: ಹತ್ತುವ ಗಾಡಿಗಿಂತ ಇಳಿಯುವ ಗಾಡಿಗೇ ಭಯ ಜಾಸ್ತಿ. ಬ್ರೇಕ್ ಪರೀಕ್ಷೆ ಆಗದೆ ಯಾವುದನ್ನೂ ಕೆಳಗೆ ಬಿಡುವುದಿಲ್ಲ. ಬ್ರೇಕ್ ಕೈಕೊಟ್ಟರೆ ಗಾಡಿಯನ್ನು ಏರಿನ ಕಡೆ ತಿರುಗಿಸಿ ನಿಲ್ಲಿಸಲು ಘಟ್ಟದಲ್ಲಿ ಕ್ಯಾಚ್ ಸೈಡಿಂಗ್‌ಗಳೂ ಇವೆ. ಗೋವಾ ಪೋರ್ಚುಗೀಸರ ಕೈಯಲ್ಲಿದ್ದಾಗ ಕ್ಯಾಸಲ್‌ರಾಕ್ ಗಡಿ ಸ್ಟೇಷನ್, ಸುಂಕದವರ ತಪಾಸಣೆ ಇಲ್ಲೇ.

ಹೋಗುವವರಿಗೆ ಒಂದಿಷ್ಟು. ಮೊದಲು ವಾಪಸ್ ಗಾಡಿ ನೋಡಿಕೊಳ್ಳಿ, ಆಮೇಲೆ ಹೋಗುವ ಗಾಡಿ. ಇಲ್ಲಿ ನಿಲ್ಲುವ ರೈಲುಗಳು ಕಡಿಮೆ, ಒಂದು ತಪ್ಪಿದರೆ ಗಂಟೆಗಟ್ಟಲೆ ಕಾಯಬೇಕು. ಪ್ಲಾಟ್‌ಫಾರಂ ಟಿಕೆಟ್ ನಡೆಯುವುದು ಎರಡೇ ತಾಸು, ಹಾಗಾಗಿ ಸ್ಟೇಷನ್ ಮಾಸ್ಟರ್‌ಗೆ ಮೊದಲೇ ಹೇಳಿ ಕೇಳಿ ನಿಲ್ಲಿ. ಗೂಡ್ಸ್‌ಗೆ ವೇಳಾಪಟ್ಟಿ ಇಲ್ಲ. ನಾನು ಮೂರು ಗಂಟೆ ಖಾಲಿ ಹಳಿ ನೋಡಿದ್ದೇನೆ. ಬುತ್ತಿ ಕಟ್ಟಿಕೊಂಡು ಹೋಗಿ. ಮಳೆಗಾಲದಲ್ಲಿ ಜಿಗಣೆ ಗ್ಯಾರಂಟಿ, ಉಪ್ಪು ಇರಲಿ. ಹಳಿ ಮೇಲೆ ದೂಧ್‌ಸಾಗರದವರೆಗೆ ನಡೆಯುವ ಆಸೆ ಮಾತ್ರ ಬಿಟ್ಟುಬಿಡಿ. ಅದಕ್ಕೆ ನಿಷೇಧವಿದೆ. ಆ ಮಂಜಿನಲ್ಲಿ, ಸುರಂಗದೊಳಗೆ ಗಾಡಿ ಎದುರಾದರೆ ಸರಿಯಲು ಜಾಗವೇ ಇರುವುದಿಲ್ಲ.

ಸಂಜೆ ನನ್ನ ಗಾಡಿ ಬಂತು. ಹಿರಿಯರು ಹಸಿರು ಬಾವುಟ ಹಿಡಿದು ನಿಂತಿದ್ದರು. "ಇದನ್ನರ ಹತ್ತತೀರೋ, ಇದನ್ನೂ ನೋಡಿ ಬಿಡತೀರೋ?"