“ಎಷ್ಟು ಜನ?” ಎಂದು ಕೇಳುವವರಿಗೆ

2014ರ ಬೇಸಿಗೆಯಲ್ಲಿ, ಬಿ.ಎ. ಎರಡನೆಯ ವರ್ಷದ ಪರೀಕ್ಷೆ ಮುಗಿದ ಮರುವಾರ, ಧಾರವಾಡದ ನಮ್ಮ ಚರ್ಚಿನ ಸಭೆಯ ಇನ್ನೂ ಐವರು ವಿದ್ಯಾರ್ಥಿಗಳೊಂದಿಗೆ ನಾನು ಆರು ವಾರಗಳ ಮಿಷನ್ ಸೇವೆಗೆ ಹೋಗಿದ್ದೆ. ಮಿರಜದ ಕಡೆಯ ಒಂದು ಕುಷ್ಠರೋಗ ಆಸ್ಪತ್ರೆ ಅದು. ಅಂದಿನಿಂದ ಜನ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತ ಬಂದಿದ್ದಾರೆ. ಸಹೋದ್ಯೋಗಿಗಳು, ನೆರೆಯವರು, ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕುಳಿತವರು ಕೇಳುವುದು “ಎಷ್ಟು ಜನರನ್ನು ಮತಾಂತರ ಮಾಡಿ ಬಂದಿರಿ?” ಎಂದು. ನಮ್ಮದೇ ಸಭೆಯವರು ಕೇಳುವುದು “ಎಷ್ಟು ಆತ್ಮಗಳನ್ನು ಗೆದ್ದಿರಿ?” ಎಂದು. ಮೊದಲನೆಯವರ ದನಿಯಲ್ಲಿ ಆಪಾದನೆ, ಎರಡನೆಯವರ ದನಿಯಲ್ಲಿ ಆಸೆ. ಆದರೆ ಇಬ್ಬರಿಗೂ ಬೇಕಾಗಿರುವುದು ಒಂದು ಅಂಕಿ.

ಅಂಕಿ ಸೊನ್ನೆ. ಇದನ್ನು ಬಾಯಲ್ಲಿ ಹೇಳಿ ಹೇಳಿ ದಣಿದಿದ್ದೇನೆ. ಹೇಳಿದಾಗ ಮೊದಲನೆಯವರು ನಂಬುವುದಿಲ್ಲ, ಎರಡನೆಯವರು ನನ್ನನ್ನು ಕನಿಕರದಿಂದ ನೋಡುತ್ತಾರೆ. ಆದ್ದರಿಂದ ಬರೆದಿಡುತ್ತಿದ್ದೇನೆ.

ಆ ಜೂನ್ ತಿಂಗಳ ಭಾನುವಾರ ನನಗಿನ್ನೂ ನೆನಪಿದೆ. ಆರಾಧನೆ ಮುಗಿದ ಮೇಲೆ ನಾವು ಆರೂ ಜನ ಸಾಕ್ಷಿ, ಅಂದರೆ ನಮ್ಮ ಅನುಭವ, ಹೇಳಬೇಕಿತ್ತು. ನಾನು ಹುಣ್ಣುಗಳ ಡ್ರೆಸಿಂಗ್ ಬಗ್ಗೆ, ರೋಗಿಗಳಿಗಾಗಿ ಹೊಲಿಯುವ ಚಪ್ಪಲಿಗಳ ಬಗ್ಗೆ ಹೇಳತೊಡಗಿದೆ. ಎರಡನೆಯ ಸಾಲಿನಲ್ಲಿದ್ದ ಹಿರಿಯರೊಬ್ಬರು, ನನ್ನನ್ನು ಸಂಡೆ ಸ್ಕೂಲಿನಿಂದ ಬಲ್ಲವರು, ಮಾತಿನ ನಡುವೆಯೇ ಎದ್ದು “ಅದೆಲ್ಲ ಇರಲಿ ಮಗಳೇ, ಫಲ ಏನು?” ಎಂದು ಕೇಳಿದರು. ಅವರ ಕೈಯಲ್ಲಿ ವರದಿಯ ಹಾಳೆಯಿತ್ತು. ಅದರಲ್ಲಿ ‘ಫಲ’ ಎಂದೇ ಒಂದು ಕಾಲಮ್ಮಿತ್ತು. ನಾನು ಉತ್ತರಿಸದೆ ಬಂದು ಕುಳಿತೆ. ಅವರು ಕೆಟ್ಟವರಲ್ಲ, ನಮ್ಮ ರೈಲು ಟಿಕೆಟ್ಟಿನ ಹಣದಲ್ಲಿ ಅರ್ಧದಷ್ಟನ್ನು ತಮ್ಮ ಪಿಂಚಣಿಯಿಂದ ಕೊಟ್ಟಿದ್ದರು. ಆದರೂ ಆ ಪ್ರಶ್ನೆ ನನಗೆ ಇಂದಿಗೂ ನೋವು ಕೊಡುತ್ತದೆ, ಏಕೆಂದರೆ ಮತಾಂತರದ ಆಪಾದನೆ ಹೊರಿಸುವವರಂತೆ ಅವರೂ ಆ ವಾರ್ಡಿನ ಮನುಷ್ಯರನ್ನು ಎಣಿಕೆಯ ವಸ್ತುಗಳನ್ನಾಗಿ ಮಾಡಿಬಿಟ್ಟಿದ್ದರು.

ಕರ್ನಾಟಕದಲ್ಲಿ 2022ರ ಮತಾಂತರ ಕಾಯ್ದೆಯ ಗದ್ದಲದ ನಂತರ ಪ್ರಶ್ನೆ ಇನ್ನಷ್ಟು ಹರಿತವಾಗಿದೆ. ನನ್ನ ನಂಬಿಕೆಯನ್ನು ಕುರಿತು ಮಾತನಾಡಲು ನನಗೆ ನಾಚಿಕೆಯಿಲ್ಲ. ಕೇಳಿದವರಿಗೆ ಯೇಸುವಿನ ವಿಷಯ ಹೇಳುತ್ತೇನೆ, ಸಂವಿಧಾನದ 25ನೇ ವಿಧಿ ಕೊಟ್ಟಿರುವ ಹಕ್ಕಿನಂತೆಯೇ ಹೇಳುತ್ತೇನೆ. ಆದರೆ ಆ ವಾರ್ಡಿನಲ್ಲಿ ನಾವು ಉಪದೇಶ ಮಾಡುವಂತಿರಲಿಲ್ಲ. ಹಾಗೆ ನಿಯಮ ಹಾಕಿದವರು ಸರ್ಕಾರದವರಲ್ಲ, ನಮ್ಮ ಮೇಲ್ವಿಚಾರಣೆಗಿದ್ದ ಹಿರಿಯ ನರ್ಸ್. ದಿನವೂ ನಸುಕಿನಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಹೆಂಗಸು ಅವರು. ಮೊದಲ ದಿನವೇ ನಮ್ಮನ್ನು ಸಾಲಾಗಿ ನಿಲ್ಲಿಸಿ, “ಯಾರ ಕಾಲು ನಿಮ್ಮ ಕೈಯಲ್ಲಿದೆಯೋ ಅವರು ಎದ್ದು ಹೋಗಲಾರರು. ಎದ್ದು ಹೋಗಲಾರದವರಿಗೆ ಬೋಧನೆ ಮಾಡುವುದು ಸುವಾರ್ತೆಯಲ್ಲ” ಎಂದರು. ಸುವಾರ್ತೆಯ ಬಗ್ಗೆ ನಾನು ಕೇಳಿರುವ ಎಷ್ಟೋ ಬೋಧನೆಗಳಿಗಿಂತ ಆ ಎರಡು ವಾಕ್ಯಗಳು ನನ್ನಲ್ಲಿ ಆಳವಾಗಿ ಉಳಿದಿವೆ.

ಹಾಗಾದರೆ ಮಾಡಿದ್ದೇನು? ಕಾಲು ನೆನೆಸುವುದು. ಬೆಳಗಿನ ಉಪಾಹಾರದ ನಂತರ ಬಾವಿಕಟ್ಟೆಯ ಪಕ್ಕದ ಸಿಮೆಂಟಿನ ತೊಟ್ಟಿಯ ಸುತ್ತ ಹತ್ತು ಹನ್ನೆರಡು ಜನ ಕುಳಿತು ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ಕಾಲಿಡುತ್ತಿದ್ದರು. ಬಿಸಿನೀರು ಕೂಡದು, ಏಕೆಂದರೆ ಚರ್ಮ ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ನೆನೆದು ಮೆತ್ತಗಾದ ಗಟ್ಟಿ ಚರ್ಮವನ್ನು ಒರಟು ಕಲ್ಲಿನಿಂದ ಉಜ್ಜಿ ತೆಗೆದು, ತೇವ ಆರುವ ಮೊದಲೇ ಎಣ್ಣೆ ಹಚ್ಚಬೇಕು. ಹುಣ್ಣಿದ್ದವರಿಗೆ ನರ್ಸ್ ಹೇಳಿಕೊಟ್ಟಂತೆ ಪಟ್ಟಿ ಕಟ್ಟಬೇಕು. ಆರು ವಾರ ನಾನು ಮಾಡಿದ ಮಿಷನ್ ಸೇವೆ ಇಷ್ಟೇ.

ಈ ರೋಗದ ಬಗ್ಗೆ ನಮ್ಮ ಜನಕ್ಕಿರುವ ಭಯ ನನಗೂ ಇತ್ತು. ನಾರ್ವೆಯ ಹ್ಯಾನ್ಸೆನ್ 1873ರಲ್ಲಿಯೇ ಇದರ ರೋಗಾಣುವನ್ನು ಗುರುತಿಸಿದ್ದ, ಇದು ಶಾಪವೂ ಅಲ್ಲ, ಪಾಪದ ಫಲವೂ ಅಲ್ಲ ಎಂಬುದನ್ನು ನಾನು ಕಲಿತದ್ದು ಅಲ್ಲಿಗೆ ಹೋದ ಮೇಲೆ. ಬಹುಪಾಲು ಜನರ ದೇಹ ಈ ರೋಗಾಣುವನ್ನು ತಾನಾಗಿಯೇ ತಡೆದುಕೊಳ್ಳುತ್ತದೆ. ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೋಫಾಜಿಮಿನ್ ಮಾತ್ರೆಗಳನ್ನು ಆರು ತಿಂಗಳು ಅಥವಾ ಒಂದು ವರ್ಷ ಬಿಡದೆ ನುಂಗಿದರೆ ರೋಗ ವಾಸಿಯಾಗುತ್ತದೆ, ಮಾತ್ರೆಗಳು ಉಚಿತ. ವಾಸಿಯಾಗದೆ ಉಳಿಯುವುದು ನರಗಳಿಗೆ ಆದ ಹಾನಿ. ಅಂಗಾಲಿನ ಸ್ಪರ್ಶ ಒಮ್ಮೆ ಪೂರ್ತಿಯಾಗಿ ಹೋದರೆ ಸಾಮಾನ್ಯವಾಗಿ ಮರಳಿ ಬರುವುದಿಲ್ಲ. ಬೆರಳುಗಳು ರೋಗದಿಂದಲೇ ಉದುರುವುದಿಲ್ಲ. ನೋವು ಗೊತ್ತಾಗದ ಕಾಲು ಸಣ್ಣ ಗಾಯದ ಮೇಲೆಯೇ ದಿನಗಟ್ಟಲೆ ನಡೆದು ಅದನ್ನು ಹುಣ್ಣಾಗಿಸಿ, ಕೀವಾಗಿಸಿ, ಕಡೆಗೆ ಎಲುಬಿನವರೆಗೆ ಒಯ್ಯುತ್ತದೆ.

ನಾನು ನೋಡಿಕೊಳ್ಳುತ್ತಿದ್ದವರಲ್ಲಿ ರಾಯಬಾಗ ಕಡೆಯ ಒಬ್ಬ ಮುದುಕಿಯಿದ್ದಳು. ಎಲ್ಲರೂ ಆಯಿ ಎನ್ನುತ್ತಿದ್ದರು. ಚಿಂಚಲಿ ಮಾಯಕ್ಕನ ಭಕ್ತೆ, ಹಣೆಯ ತುಂಬ ಭಂಡಾರದ ಅರಿಶಿನ. ರೋಗ ಗೊತ್ತಾದ ವರ್ಷವೇ ಗಂಡ ಬಿಟ್ಟಿದ್ದ. ಸಂಗಾತಿಯ ಕುಷ್ಠವು ವಿಚ್ಛೇದನಕ್ಕೆ ಸಾಕಾದ ಕಾರಣವೆಂದು ನಮ್ಮ ಕಾನೂನಿನಲ್ಲಿಯೇ ಬರೆದಿತ್ತು, ಅದನ್ನು ತೆಗೆದುಹಾಕಿದ್ದು 2019ರಲ್ಲಿ. ಆಯಿಗೆ ಕಾನೂನಿನ ವಿಚಾರ ತಿಳಿದಿರಲಿಲ್ಲ, ಅವಳ ಗಂಡನಿಗೂ ತಿಳಿದಿರಲಾರದು. ಕೋರ್ಟಿನ ತನಕ ಹೋಗುವ ಕೆಲಸವೇ ಅವನಿಗೆ ಬೀಳಲಿಲ್ಲ.

ಎರಡನೆಯ ವಾರದ ಒಂದು ಸಂಜೆ ಆಯಿ ತೋಟದಿಂದ ನಡೆದು ಬಂದು, ಎಂದಿನಂತೆ ಮೆಟ್ಟಿಲ ಮೇಲೆ ಕುಳಿತು ಚಪ್ಪಲಿ ಬಿಚ್ಚಲು ಹೋದಳು. ಎಡಗಾಲಿನ ಚಪ್ಪಲಿ ಬರಲಿಲ್ಲ. ನಾನು ಬಗ್ಗಿ ನೋಡಿದೆ. ಒಂದು ಜಾಲಿಮುಳ್ಳು ಕೆಳಗಿನ ರಬ್ಬರನ್ನು ದಾಟಿ, ಮೇಲಿನ ಮೆತ್ತನೆಯ ಪದರವನ್ನೂ ದಾಟಿ, ಅವಳ ಹಿಮ್ಮಡಿಗೂ ಚಪ್ಪಲಿಗೂ ಮೊಳೆ ಹೊಡೆದಂತೆ ನಿಂತಿತ್ತು. ಅದು ಯಾವಾಗ ಚುಚ್ಚಿತೋ ಅವಳಿಗೆ ಗೊತ್ತಿಲ್ಲ. ಮಧ್ಯಾಹ್ನದಿಂದ ಅದರ ಮೇಲೆಯೇ ಓಡಾಡಿದ್ದಳು. ನಾನು ಅತ್ತುಬಿಟ್ಟೆ. ಆಯಿ ನನ್ನನ್ನು ನೋಡಿ ನಕ್ಕಳು. “ನೀ ಯಾಕ ಅಳತೀ ಯವ್ವಾ? ಅದಕ್ಕಽ ನಾ ದಿನಾ ಸಂಜೀಕ ನೋಡಕೋತೀನಿ. ನೋವು ಗೊತ್ತಾಗೂದಿಲ್ಲಂದ ಮ್ಯಾಲ ಕಣ್ಣಿಲೇ ನೋಡಬೇಕಲ್ಲ” ಎಂದಳು. ಮುಳ್ಳನ್ನು ನರ್ಸ್ ತೆಗೆದ ಮೇಲೆ, ಆಯಿ ಬಾಗಿದ ಬೆರಳುಗಳ ಹಿಂಬದಿಯಿಂದ ಇನ್ನೊಂದು ಕಾಲನ್ನು ಎತ್ತಿ ಹಿಡಿದು, ಬೆರಳ ಸಂದುಗಳನ್ನೂ ಬಿಡದೆ, ಅಕ್ಕಿಯಲ್ಲಿ ಕಲ್ಲು ಆರಿಸುವವಳಂತೆ ನೋಡಿದಳು.

ಜನ ನನ್ನನ್ನು ಕೇಳಬೇಕಾಗಿದ್ದ ಪ್ರಶ್ನೆ ಇಲ್ಲಿಂದ ಶುರುವಾಗುತ್ತದೆ. “ಅಲ್ಲಿಗೆ ಹೋಗುವ ಮೊದಲು ನಿನ್ನ ನಂಬಿಕೆಗೆ ಏನಾಗಿತ್ತು?” ಎಂದು ಯಾರಾದರೂ ಕೇಳಿದ್ದರೆ ನಾನು ಎಷ್ಟು ಹೊತ್ತು ಬೇಕಾದರೂ ಕುಳಿತು ಉತ್ತರಿಸುತ್ತಿದ್ದೆ.

ನಾನು ಮೂರನೆಯ ತಲೆಮಾರಿನ ಕ್ರೈಸ್ತಳು. ಏಳನೆಯ ವಯಸ್ಸಿಗೆ ಬೈಬಲಿನ 23ನೇ ಕೀರ್ತನೆ ಬಾಯಿಪಾಠ, ಹದಿನೈದಕ್ಕೆ ಯುವಜನ ಕೂಟದಲ್ಲಿ ಪ್ರಾರ್ಥನೆ ನಡೆಸುವವಳು. ನನ್ನ ಪ್ರಾರ್ಥನೆ ಉದ್ದವಾಗಿರುತ್ತಿತ್ತು, ಎಲ್ಲೂ ತಡವರಿಸುತ್ತಿರಲಿಲ್ಲ, ಕೇಳಿದವರು ಮೆಚ್ಚುತ್ತಿದ್ದರು. ಆದರೆ ಮಿಷನ್ ಸೇವೆಗೆ ಹೊರಟ ಹೊತ್ತಿಗೆ ನನ್ನ ಸ್ವಂತ ಅಕ್ಕನೊಡನೆ ಮಾತು ಬಿಟ್ಟು ಹದಿನಾಲ್ಕು ತಿಂಗಳಾಗಿತ್ತು. ಅವಳ ಮದುವೆಗಾಗಿ ಅಪ್ಪ ಮಾಡಿದ ಸಾಲದ ವಿಷಯಕ್ಕೆ ನಾನು ಆಡಿದ ಒಂದು ಮಾತು, ಅವಳು ಹಿಂತಿರುಗಿ ಆಡಿದ ಒಂದು ಮಾತು. ಆಶ್ಚರ್ಯವೆಂದರೆ ಅದು ನನ್ನನ್ನು ಚುಚ್ಚುತ್ತಲೇ ಇರಲಿಲ್ಲ. ಕ್ಷಮೆಯ ಬಗ್ಗೆ ಹಾಡು ಹಾಡಿದ್ದೇನೆ, ಕರ್ತನ ಪ್ರಾರ್ಥನೆಯಲ್ಲಿ ಪ್ರತಿ ಭಾನುವಾರ ಕ್ಷಮೆಯ ಸಾಲನ್ನು ಹೇಳಿದ್ದೇನೆ, ಪ್ರಭು ಭೋಜನ ತೆಗೆದುಕೊಂಡಿದ್ದೇನೆ, ಎಲ್ಲವನ್ನೂ ಆ ಮುಳ್ಳಿನ ಮೇಲೆಯೇ ನಿಂತು.

ಮುಳ್ಳು ತೆಗೆದ ಆ ರಾತ್ರಿ ನಾವು ಮಾರ್ಕನ ಸುವಾರ್ತೆಯ ಮೊದಲನೆಯ ಅಧ್ಯಾಯ ಓದಿದೆವು. ಕುಷ್ಠರೋಗಿಯೊಬ್ಬ ಬಂದು ಮೊಣಕಾಲೂರುತ್ತಾನೆ. ಯೇಸು ಗುಣಪಡಿಸುವ ಮಾತನ್ನು ಆಡುವ ಮೊದಲೇ ಕೈಚಾಚಿ ಅವನನ್ನು ಮುಟ್ಟುತ್ತಾನೆ. ಆಮೇಲೆ, ಯಾರಿಗೂ ಏನೂ ಹೇಳಬೇಡ ನೋಡು ಎಂದು ಖಂಡಿತವಾಗಿ ಎಚ್ಚರಿಸುತ್ತಾನೆ. ಫಲದ ಕಾಲಮ್ಮು ಹಿಡಿದು ನಿಂತವರಿಗೆ ಈ ಕೊನೆಯ ಮಾತನ್ನು ನಾನು ಎಷ್ಟೋ ಸಲ ತೋರಿಸಿದ್ದೇನೆ. ಆದರೆ ಆ ರಾತ್ರಿ ನನ್ನ ಮನಸ್ಸು ಹಿಡಿದು ನಿಂತದ್ದು ಮುಟ್ಟುವ ಮಾತಿಗೆ. ಪ್ರಾರ್ಥಿಸುವ ಸರದಿ ನನಗೆ ಬಂದಾಗ ಬಾಯಿಗೆ ಒಂದು ವಾಕ್ಯವೂ ಬರಲಿಲ್ಲ. ನರ್ಸ್ ಸುಮ್ಮನೆ ಕಾದರು, ಆಮೇಲೆ ಮೆಲ್ಲಗೆ “ಆಮೆನ್” ಎಂದರು.

ಮರುದಿನದಿಂದ ನಾನು ಮಲಗುವ ಮುನ್ನ ಆಯಿ ಕಾಲು ನೋಡಿಕೊಳ್ಳುವಂತೆ ದಿನವನ್ನು ನೋಡಿಕೊಳ್ಳತೊಡಗಿದೆ. ಯಾರೊಡನೆ ಏನಾಡಿದೆ, ಯಾರನ್ನು ಕಂಡೂ ಕಾಣದಂತೆ ದಾಟಿದೆ, ಯಾವ ಕೆಲಸವನ್ನು ಹೊಗಳಿಕೆಗಾಗಿ ಮಾಡಿದೆ. ದೇವರೇ, ನನ್ನನ್ನು ಪರೀಕ್ಷಿಸು ಎಂದು ಬೇಡುವ 139ನೇ ಕೀರ್ತನೆಯ ಕೊನೆಯ ಸಾಲುಗಳು ನನಗೆ ಚಿಕ್ಕಂದಿನಿಂದ ಬರುತ್ತಿದ್ದವು; ಅವುಗಳನ್ನು ಒಂದು ಕೆಲಸವಾಗಿ ಮಾಡಬಹುದೆಂದು ಹೊಳೆದದ್ದು ಆಗ. ನನ್ನ ಭಕ್ತಿಯ ಭಾವ ಹೆಚ್ಚಾಯಿತೆಂದು ಹೇಳಲಾರೆ. ಎಷ್ಟೋ ರಾತ್ರಿ ಏನೂ ಅನ್ನಿಸುತ್ತಿರಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಅನ್ನಿಸದಿದ್ದರೂ ನೋಡಬೇಕೆಂಬುದನ್ನು ಕಲಿತೆ. ನಂಬಿಕೆಯಲ್ಲಿ ಬೆಳೆದೆಯಾ ಎಂದರೆ ನಾನು ಹೌದೆನ್ನುವುದು ಈ ಅರ್ಥದಲ್ಲಿ.

ನಾಲ್ಕನೆಯ ವಾರ ಅಕ್ಕನಿಗೆ ಫೋನ್ ಮಾಡಿದೆ. ಕ್ಷಮೆ ಕೇಳುವ ಮಾತನ್ನು ಹಾಳೆಯ ಮೇಲೆ ಬರೆದಿಟ್ಟುಕೊಂಡಿದ್ದೆ. ಆಕೆ ದನಿ ಗುರುತಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಊಟ ಆತೇನು? ಅಲ್ಲೆ ರೊಟ್ಟಿ ಸಿಗತಾವೇನು?” ಎಂದು ಕೇಳಿದಳು. ನಾನು ಬರೆದಿದ್ದನ್ನು ಓದಲಿಲ್ಲ. ಸಿಗುತ್ತವೆ ಎಂದೆ, ಆಮೇಲೆ ಇಬ್ಬರೂ ಅತ್ತೆವು.

ನಾವು ಹೊರಡುವ ಹಿಂದಿನ ದಿನ ಆಯಿಯನ್ನು ಮನೆಗೆ ಕಳಿಸಿದರು. ಅಂಗಾಲು ಕಾಣಲೆಂದು ಆಸ್ಪತ್ರೆಯವರು ಕೊಟ್ಟ ಸಣ್ಣ ಕನ್ನಡಿಯನ್ನು ಅವಳು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ನಾನು ನಮಸ್ಕರಿಸಲು ಬಗ್ಗಿದಾಗ ಭುಜ ಹಿಡಿದು ಮೆಟ್ಟಿಲ ಮೇಲೆ ಕೂರಿಸಿ, ನನ್ನ ಕಾಲನ್ನೇ ತೊಡೆಯ ಮೇಲೆ ಎಳೆದುಕೊಂಡು ತಿರುಗಿಸಿ ನೋಡಿದಳು. “ಹಿಮ್ಮಡ ಒಡದೈತಿ. ಎಣ್ಣಿ ಹಚ್ಚಕೋ” ಎಂದಳು.