‘ಸಾಂಪ್ರದಾಯಿಕ ಉಡುಪು’ ಬರೆಯುವ ಮೊದಲು ವಯಸ್ಸು ಕೇಳಿ

ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದು ನನ್ನ ಕೆಲಸ. ಬೇರೆ ಬೇರೆ ದೇಶಗಳ ಜನಾಂಗಗಳ ಬಗ್ಗೆ ಒಂದು ಪುಸ್ತಕಕ್ಕೆ ಚಿತ್ರ ಬೇಕು ಅಂತ ಬಂದ ಪಟ್ಟಿಯಲ್ಲಿ ಒಂದು ಸಾಲು ಹೀಗಿತ್ತು: “ಪುಮಿ, ಚೀನಾ. ಅಪ್ಪ, ಅಮ್ಮ, ಹತ್ತು ವರ್ಷದ ಮಗಳು. ಸಾಂಪ್ರದಾಯಿಕ ಉಡುಪು, ಒಡವೆ.” ಅಷ್ಟೇ. ಉಡುಪಿನ ಚಿತ್ರದ ಬಗ್ಗೆ ನನಗೆ ಬಹಳ ಕಲಿಸಿದ್ದು ಈ ಒಂದು ಸಾಲು. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಪುಮಿಗಳು ಯುನ್ನಾನ್ ಪ್ರಾಂತ್ಯದ ವಾಯವ್ಯ ಮೂಲೆಯ ಬೆಟ್ಟಗಳಲ್ಲಿ ಇರುವವರು. 2020ರ ಜನಗಣತಿಯಲ್ಲಿ ಅವರ ಸಂಖ್ಯೆ ಸುಮಾರು 45,000. ಚೀನಾ ಅಧಿಕೃತವಾಗಿ ಗುರುತಿಸಿರುವ 56 ಜನಾಂಗಗಳಲ್ಲಿ ಇವರೂ ಒಬ್ಬರು. 1999ರಲ್ಲಿ ಅಲ್ಲಿನ ಅಂಚೆ ಇಲಾಖೆ ಒಂದೊಂದು ಜನಾಂಗಕ್ಕೆ ಒಂದೊಂದರಂತೆ 56 ಅಂಚೆಚೀಟಿ ತಂದಿತ್ತು. ಶಾಲೆ ಗೋಡೆಯ ಚಾರ್ಟ್‌ಗಳೂ ಹಾಗೆಯೇ, ಒಂದು ಜನಾಂಗಕ್ಕೆ ಒಂದು ಚಿತ್ರ. ನಮ್ಮಂಥವರು ರೆಫರೆನ್ಸ್ ಹುಡುಕಿದಾಗ ಮೊದಲು ಸಿಗುವುದೂ ಇಂಥದ್ದೇ. ನೋಡೋಕೆ ಚೆನ್ನಾಗಿರುತ್ತದೆ, ಆದರೆ ಅದರಿಂದ ಒಂದು ಮನೆಯ ಮೂರು ಜನರನ್ನು ಬರೆಯಲು ಆಗುವುದಿಲ್ಲ.

ಯಾಕೆಂದರೆ ಮೊದಲ ಪ್ರಶ್ನೆಯೇ ಊರಿನದು. “ಮೇಡಂ, ಇವರು ಲಾನ್‌ಪಿಂಗ್ ಕಡೆಯವರಾ, ನಿಂಗ್‌ಲಾಂಗ್ ಕಡೆಯವರಾ?” ಅಂತ ಸಂಪಾದಕರಿಗೆ ಕೇಳಿದೆ. ಲಾನ್‌ಪಿಂಗ್, ವೈಶಿ ಕಡೆಯ ಹೆಂಗಸರು ಉದ್ದ ತೋಳಿನ ಗಿಡ್ಡ ಅಂಗಿ, ಅದರ ಮೇಲೆ ತೋಳಿಲ್ಲದ ಜಾಕೆಟ್ಟು, ಕೆಳಗೆ ಪ್ಯಾಂಟು ಹಾಕುತ್ತಾರೆ. ಸೊಂಟಕ್ಕೆ ಕಸೂತಿ ಮಾಡಿದ ಪಟ್ಟಿ. ನಿಂಗ್‌ಲಾಂಗ್, ಯೊಂಗ್‌ಷೆಂಗ್ ಕಡೆಗೆ ಹೋದರೆ ನೆರಿಗೆ ನೆರಿಗೆಯ ಉದ್ದ ಲಂಗ, ಬಣ್ಣದ ಪಟ್ಟೆಗಳ ಅಗಲವಾದ ನೇಯ್ದ ಸೊಂಟಪಟ್ಟಿ, ಬೆನ್ನ ಮೇಲೆ ಕೂದಲಿನ ಸಮೇತ ಆಡಿನ ಚರ್ಮ, ತಲೆಗೆ ದೊಡ್ಡ ರುಮಾಲು. ಇಬ್ಬರೂ ಪುಮಿಗಳೇ. ಅಂಗಿ ಅಲ್ಲಿಂದ, ಲಂಗ ಇಲ್ಲಿಂದ ತೆಗೆದುಕೊಂಡು ಒಂದೇ ಮೈಮೇಲೆ ಹಾಕಿಬಿಟ್ಟರೆ ಅಂಥ ಹೆಂಗಸು ಯಾವ ಊರಿನಲ್ಲೂ ಸಿಗುವುದಿಲ್ಲ.

ನಿಂಗ್‌ಲಾಂಗ್ ಅಂತ ತೀರ್ಮಾನ ಆಯಿತು. ಅಲ್ಲಿ ಇನ್ನೊಂದು ತೊಡಕು ಇದೆ. ಲುಗು ಸರೋವರದ ಸುತ್ತ ಪುಮಿಗಳ ಅಕ್ಕಪಕ್ಕದಲ್ಲೇ ಮೊಸುವೊ ಜನರೂ ಇದ್ದಾರೆ, ಇಬ್ಬರ ಹೆಂಗಸರ ಉಡುಪೂ ತುಂಬಾ ಹತ್ತಿರ ಹತ್ತಿರ. ಪ್ರವಾಸಿಗರು ತೆಗೆದ ಫೋಟೋಗಳಲ್ಲಿ ಜಾಸ್ತಿ ಇರುವುದು ಮೊಸುವೊಗಳು. ಗಡಿ ದಾಟಿ ಸಿಚುವಾನ್‌ನ ಮುಲಿ ಕಡೆ ಹೋದರೆ ಪುಮಿ ಭಾಷೆಯನ್ನೇ ಆಡುವವರು ಸರ್ಕಾರಿ ದಾಖಲೆಯಲ್ಲಿ ಟಿಬೆಟನ್ನರು. ಹಾಗಾಗಿ ಲಂಗದ ಆಕಾರ ನೋಡಿ ಹೆಸರು ಹೇಳಬೇಡಿ. ಫೋಟೋದ ಕೆಳಗೆ ಹಳ್ಳಿಯ ಹೆಸರು ಇದೆಯಾ ನೋಡಿ, ಇಲ್ಲದಿದ್ದರೆ ಆ ಫೋಟೋ ಪಕ್ಕಕ್ಕಿಡಿ, ಎಷ್ಟೇ ಚೆನ್ನಾಗಿದ್ದರೂ.

ಆಮೇಲೆ ಬಂದದ್ದು ಎರಡನೇ ಪ್ರಶ್ನೆ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು. ಹತ್ತು ವರ್ಷದ ಮಗಳಿಗೆ ಲಂಗ ಹಾಕುವ ಹಾಗಿಲ್ಲ! ಪುಮಿ ಸಂಪ್ರದಾಯದಲ್ಲಿ ಹದಿಮೂರು ತುಂಬುವ ತನಕ ಹುಡುಗ ಹುಡುಗಿ ಇಬ್ಬರಿಗೂ ನಾರುಬಟ್ಟೆಯ ಒಂದು ಉದ್ದ ನಿಲುವಂಗಿ, ಅಷ್ಟೇ. ಹದಿಮೂರಕ್ಕೆ, ಹೊಸ ವರ್ಷದ ಹೊತ್ತಿಗೆ, ಹುಡುಗಿಗೆ ಲಂಗ ಉಡಿಸುವ, ಹುಡುಗನಿಗೆ ಪ್ಯಾಂಟು ತೊಡಿಸುವ ಶಾಸ್ತ್ರ ನಡೆಯುತ್ತದೆ. ಮನೆಯ ನಡುವಿನ ಬೆಂಕಿಗುಂಡಿಯ ಹತ್ತಿರ ಹುಡುಗಿ ಬಂದು ನಿಲ್ಲುತ್ತಾಳೆ. ಒಂದು ಕಾಲು ಕೊಬ್ಬಿನ ಹಂದಿಮಾಂಸದ ಮೇಲೆ. ಇದು ಎಲುಬು ತೆಗೆದು, ಉಪ್ಪು ತುಂಬಿ ಹೊಲಿದು, ವರ್ಷಗಟ್ಟಲೆ ಕೆಡದ ಹಾಗೆ ಇಟ್ಟಿರುವ ಇಡೀ ಹಂದಿ. ಇನ್ನೊಂದು ಕಾಲು ದವಸದ ಚೀಲದ ಮೇಲೆ. ಊಟಕ್ಕೆ ಕೊರತೆ ಬರಬಾರದು ಅಂತ. ಬಲಗೈಯಲ್ಲಿ ಓಲೆ, ಮಣಿಸರ, ಬಳೆ. ಎಡಗೈಯಲ್ಲಿ ನಾರಿನ ನೂಲು, ಬಟ್ಟೆ. ಒಡವೆ ತೊಡುವ ಹಕ್ಕೂ ನೇಯುವ ಹೊಣೆಯೂ ಒಟ್ಟಿಗೇ ಕೈಗೆ ಬರುತ್ತವೆ. ಆಮೇಲೆ ತಾಯಿ ಆ ನಿಲುವಂಗಿ ಬಿಚ್ಚಿ ಅಂಗಿ, ಲಂಗ ತೊಡಿಸಿ ಸೊಂಟಪಟ್ಟಿ ಕಟ್ಟುತ್ತಾಳೆ. ಹುಡುಗನಾದರೆ ಒಂದು ಕೈಯಲ್ಲಿ ಬೆಳ್ಳಿ ನಾಣ್ಯ, ಇನ್ನೊಂದರಲ್ಲಿ ಕಠಾರಿ, ಬಟ್ಟೆ ತೊಡಿಸುವವನು ಸೋದರಮಾವ.

ಇದನ್ನೆಲ್ಲ ಬರೆದು ಕಳಿಸಿದೆ. ಸಂಪಾದಕರು ಫೋನ್ ಮಾಡಿ, “ಹಾಗಾದ್ರೆ ಮಗಳಿಗೆ ಹದಿಮೂರು ಮಾಡೋಣ, ಇದೇ ಚಿತ್ರ ಬರೀರಿ” ಅಂದರು. ಸುಮ್ಮನೆ ಕ್ಯಾಮೆರಾ ನೋಡುತ್ತಾ ನಿಂತಿರಬೇಕಿದ್ದ ಮೂರು ಜನ ಈಗ ಬೆಂಕಿಯ ಬೆಳಕಿಗೆ ಬಂದರು. ನನಗೆ ಆದ ಖುಷಿ ಹೇಳತೀರದು.

ಬರೆಯುವಾಗ ಹೆಚ್ಚು ಹೊತ್ತು ತೆಗೆದುಕೊಂಡದ್ದು ಲಂಗದ ಒಂದು ಗೆರೆ. ನಿಂಗ್‌ಲಾಂಗ್ ಕಡೆಯ ತಿಳಿಬಣ್ಣದ ಲಂಗದಲ್ಲಿ ಅಡ್ಡಕ್ಕೆ, ಸುತ್ತಲೂ, ಕೆಂಪು ನೂಲಿನ ಒಂದು ಗೆರೆ ಓಡುತ್ತದೆ. ತಮ್ಮ ಹಿರಿಯರು ಉತ್ತರದ ಹುಲ್ಲುಗಾವಲಿನಿಂದ ನಡೆದು ಬಂದ ದಾರಿ ಅದು, ಸತ್ತ ಮೇಲೆ ಆತ್ಮ ಅದೇ ದಾರಿ ಹಿಡಿದು ಅವರ ಹತ್ತಿರ ವಾಪಸ್ ಹೋಗುತ್ತದೆ ಅಂತ ಅವರು ಹೇಳುತ್ತಾರೆ. ಇಷ್ಟು ತಿಳಿದ ಮೇಲೆ ಅದನ್ನು ಸ್ಕೇಲ್ ಇಟ್ಟು ಎಳೆಯಲು ಮನಸ್ಸು ಬರುತ್ತದಾ? ನೆರಿಗೆ ಒಳಗೆ ಹೋದಲ್ಲಿ ಗೆರೆಯೂ ನೆರಳಿಗೆ ಇಳಿಯಬೇಕು, ಉಬ್ಬಿದಲ್ಲಿ ಮೇಲೆ ಬರಬೇಕು, ಆದರೆ ಎಲ್ಲೂ ಕಡಿಯಬಾರದು. ಮೊದಲು ಇಡೀ ಲಂಗಕ್ಕೆ ನೆರಿಗೆ ಬರೆದುಕೊಂಡು, ಪ್ರತಿ ನೆರಿಗೆಗೂ ಗೆರೆಯ ತುಂಡನ್ನು ಕೈಯಿಂದಲೇ ಕೂರಿಸಿದೆ.

ತಾಯಿಯ ತಲೆಗೂ ಅಷ್ಟೇ ಗಮನ ಬೇಕು. ನಮ್ಮಲ್ಲಿ ಮದುವೆ ಹೆಣ್ಣಿನ ಜಡೆಗೆ ಚೌರಿ ಸೇರಿಸುವ ಹಾಗೆ ಅಲ್ಲಿ ಯಾಕ್ ಬಾಲದ ಕೂದಲು, ರೇಷ್ಮೆ ನೂಲು ಸೇರಿಸಿ ಜಡೆ ಹೆಣೆದು ತಲೆಗೆ ಸುತ್ತುತ್ತಾರೆ. ದೊಡ್ಡದಾದಷ್ಟೂ ಚೆಂದ. ಅದರ ಮೇಲೆ ರುಮಾಲು. ಕುತ್ತಿಗೆಗೆ ಹವಳ, ಅಗೇಟ್ ಮಣಿ, ಕಿವಿಗೆ ಕೈಗೆ ಬೆಳ್ಳಿ. ಮಗಳಿಗೆ ಇಷ್ಟು ಭಾರ ಹೇರಲಿಲ್ಲ, ಅವಳ ಒಡವೆ ಇನ್ನೂ ಅವಳ ಬಲಗೈಯಲ್ಲೇ ಇದೆ. ಅಪ್ಪನಿಗೆ ಅಗಲದ ಪ್ಯಾಂಟು, ನಾರುಬಟ್ಟೆಯ ಅಂಗಿ, ತೋಳಿಲ್ಲದ ಚರ್ಮದ ಜಾಕೆಟ್ಟು, ಸೊಂಟದಲ್ಲಿ ಕತ್ತಿ.

ಮೂರನೇ ಪ್ರಶ್ನೆ ದಿನದ್ದು. ಪುಮಿಗಳೂ ಈಗ ದಿನನಿತ್ಯಕ್ಕೆ ಹಾಕುವುದು ಅಂಗಡಿಯಲ್ಲಿ ಸಿಗುವ ಪ್ಯಾಂಟು ಶರ್ಟೇ. ಈ ಬಟ್ಟೆಗಳು ಹೊರಗೆ ಬರುವುದು ಹೊಸ ವರ್ಷ, ಮದುವೆ, ಇಂಥ ಶಾಸ್ತ್ರಗಳಿಗೆ. ಅದು ಓದುವ ಮಕ್ಕಳಿಗೂ ಗೊತ್ತಾಗಬೇಕಲ್ವಾ? ಚಿತ್ರದ ಕೆಳಗೆ ‘ಪುಮಿ ಜನರ ಉಡುಪು’ ಎಂದಷ್ಟೇ ಹಾಕಬೇಡಿ ಅಂತ ಕೇಳಿಕೊಂಡೆ. ‘ನಿಂಗ್‌ಲಾಂಗ್‌ನ ಪುಮಿ ಮನೆಯಲ್ಲಿ, ಹೊಸ ವರ್ಷದಂದು, ಹದಿಮೂರು ತುಂಬಿದ ಮಗಳಿಗೆ ತಾಯಿ ಲಂಗ ಉಡಿಸುತ್ತಿದ್ದಾಳೆ’ ಅಂತ ಅಚ್ಚಿಗೆ ಹೋಗಿದೆ.