ಪರ್ಷಿಯಾ ಹಡಗಿನಲ್ಲಿದ್ದವರು

ಕಳೆದ ಭಾನುವಾರ ಕಬ್ಬನ್ ಪಾರ್ಕಿನ ಸಮೀಪ ಹಳೆಯ ಕಾರುಗಳ ಸಾಲನ್ನು ನೋಡುತ್ತ ನಿಂತಿದ್ದೆವು. ಜೊತೆಗಿದ್ದ ಅಣ್ಣನ ಮಗಳು, ರೋಲ್ಸ್ ರಾಯ್ಸ್ ಕಾರಿನ ಮೂತಿಯ ಮೇಲೆ ಮುಂದಕ್ಕೆ ಬಾಗಿ, ಉಡುಪನ್ನು ರೆಕ್ಕೆಯಂತೆ ಹಿಂದಕ್ಕೆ ಹಾರಬಿಟ್ಟ ಪುಟ್ಟ ಹೆಣ್ಣುಬೊಂಬೆಯನ್ನು ತೋರಿಸಿ, "ಚಿಕ್ಕಪ್ಪ, ಇವಳು ಯಾರು?" ಎಂದು ಕೇಳಿದಳು. 1911ರಲ್ಲಿ ಶಿಲ್ಪಿ ಚಾರ್ಲ್ಸ್ ಸೈಕ್ಸ್ ರೂಪಿಸಿದ ಆ ಬೊಂಬೆಗೆ ಎಲೀನರ್ ಥಾರ್ನ್‌ಟನ್ ಎಂಬಾಕೆ ಮಾದರಿಯಾಗಿದ್ದಳೆಂದು ಹೇಳುವುದುಂಟು. ಆಕೆ ಹಡಗಿನೊಂದಿಗೆ ಮುಳುಗಿ ಸತ್ತಳೆಂದು ನಾನು ಹೇಳುತ್ತಿದ್ದಂತೆಯೇ ಹುಡುಗಿ, "ಟೈಟಾನಿಕ್ಕಾ?" ಎಂದಳು.

ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಬೆಳೆದ ನಮಗೆಲ್ಲ ಮುಳುಗಿದ ಹಡಗೆಂದರೆ ಅದೊಂದೇ. ಆದರೆ ಎಲೀನರ್ ಏರಿದ್ದು ಪಿ ಅಂಡ್ ಓ ಕಂಪನಿಯ ಪರ್ಷಿಯಾ ಎಂಬ ಹಡಗನ್ನು. ಲಂಡನ್ನಿನಿಂದ ಸೂಯೆಜ್ ಕಾಲುವೆಯ ಮೂಲಕ ಮುಂಬಯಿಗೆ ಪ್ರಯಾಣಿಕರನ್ನೂ ಟಪಾಲನ್ನೂ ತರುತ್ತಿದ್ದ ಹಡಗು ಅದು. 1915ರ ಡಿಸೆಂಬರ್ 30ರ ಮಧ್ಯಾಹ್ನ, ಪ್ರಯಾಣಿಕರು ಊಟಕ್ಕೆ ಕುಳಿತಿದ್ದ ವೇಳೆಯಲ್ಲಿ, ಕ್ರೀಟ್ ದ್ವೀಪದ ದಕ್ಷಿಣದ ಕಡಲಿನಲ್ಲಿ ಜರ್ಮನಿಯ ಯು-38 ಜಲಾಂತರ್ಗಾಮಿ ಯಾವ ಮುನ್ಸೂಚನೆಯನ್ನೂ ಕೊಡದೆ ಟಾರ್ಪಿಡೊ ಹೊಡೆಯಿತು. ಬಾಯ್ಲರ್ ಸಿಡಿದು, ಹಡಗು ಒಂದು ಮಗ್ಗುಲಿಗೆ ವಾಲಿ, ಜೀವರಕ್ಷಕ ದೋಣಿಗಳಲ್ಲಿ ಹೆಚ್ಚಿನವನ್ನು ಕೆಳಗಿಳಿಸಲೂ ಆಗದೆ, ಹತ್ತು ನಿಮಿಷಗಳೊಳಗೆ ಎಲ್ಲವೂ ಮುಗಿದುಹೋಯಿತು. ಹಡಗಿನಲ್ಲಿದ್ದ 519 ಮಂದಿಯಲ್ಲಿ 343 ಮಂದಿ ಸತ್ತರು. ಎಲೀನರ್ ಯಾರ ಕಾರ್ಯದರ್ಶಿಯಾಗಿದ್ದಳೋ ಆ ಲಾರ್ಡ್ ಮಾಂಟೆಗು ಮಾತ್ರ ಮಗುಚಿದ ದೋಣಿಗೆ ಜೋತುಬಿದ್ದು ಒಂದು ದಿನಕ್ಕೂ ಹೆಚ್ಚು ಕಾಲ ಕಳೆದು ಬದುಕಿಕೊಂಡರು. ಅಷ್ಟರಲ್ಲಿ ಲಂಡನ್ನಿನ ಪತ್ರಿಕೆಗಳು ಅವರ ನಿಧನವಾರ್ತೆಯನ್ನು ಅಚ್ಚು ಹಾಕಿಯಾಗಿತ್ತು.

ಎಚ್ಚರಿಕೆ ಕೊಡದೆ ಹೊಡೆದದ್ದೇ ಆ ದಿನಗಳಲ್ಲಿ ದೊಡ್ಡ ವಿವಾದವಾಯಿತು. ಸರಕಿನ ಹಡಗಾಗಲಿ ಪ್ರಯಾಣಿಕರ ಹಡಗಾಗಲಿ, ಮೊದಲು ತಡೆದು ನಿಲ್ಲಿಸಿ, ಒಳಗಿರುವವರನ್ನು ಸುರಕ್ಷಿತವಾಗಿ ಇಳಿಸಿದ ಮೇಲೆಯೇ ಮುಳುಗಿಸಬೇಕೆಂಬುದು ಯುದ್ಧದ ರೂಢಿಯಾಗಿತ್ತು. ಅದಕ್ಕೆ ಒಂದು ವರ್ಷ ಹಿಂದೆ, 1914ರ ಸೆಪ್ಟೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ಹಡಗುಗಳ ಬೇಟೆಯಾಡಿ, 22ರ ರಾತ್ರಿ ಮದ್ರಾಸಿನ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಹಚ್ಚಿದ ಜರ್ಮನಿಯ ಯುದ್ಧನೌಕೆ ಎಮ್ಡನ್ ಕೂಡ, ತಾನು ಹಿಡಿದ ಹಡಗುಗಳ ನಾವಿಕರನ್ನು ಬೇರೆ ಹಡಗಿಗೆ ದಾಟಿಸಿದ ನಂತರವೇ ಅವುಗಳನ್ನು ಮುಳುಗಿಸುತ್ತಿತ್ತು. ಜಲಾಂತರ್ಗಾಮಿಯಲ್ಲಿ ಯಾರನ್ನೂ ಹತ್ತಿಸಿಕೊಳ್ಳಲು ಜಾಗವಿರಲಿಲ್ಲ ಎಂಬ ಸಮರ್ಥನೆಯನ್ನು ಓದಿದ್ದೇನೆ. ಅದು ನನಗೆ ಒಪ್ಪಿಗೆಯಾಗಿಲ್ಲ.

ಅಂದಹಾಗೆ, ಅಣ್ಣನ ಮಗಳ ಊಹೆ ಪೂರ್ತಿ ತಪ್ಪೂ ಅಲ್ಲ. ಈಗಿನ ಛತ್ತೀಸಗಢದ ಜಾಂಜ್‌ಗೀರ್‌ನಲ್ಲಿ ಹುಡುಗಿಯರ ಶಾಲೆ ನಡೆಸುತ್ತಿದ್ದ ಆ್ಯನಿ ಫಂಕ್ ಎಂಬ ಅಮೆರಿಕನ್ ಮಿಷನರಿ, ತಾಯಿಗೆ ಕಾಯಿಲೆಯೆಂಬ ತಂತಿ ಬಂದದ್ದರಿಂದ 1912ರಲ್ಲಿ ಮುಂಬಯಿಯಲ್ಲಿ ಹತ್ತಿದ್ದು ಇದೇ ಪರ್ಷಿಯಾವನ್ನು. ಇಂಗ್ಲೆಂಡ್ ತಲುಪಿದಾಗ, ಕಲ್ಲಿದ್ದಲು ಗಣಿಗಳ ಮುಷ್ಕರದಿಂದಾಗಿ ಆಕೆ ಮುಂದೆ ಹೋಗಬೇಕಿದ್ದ ಹಡಗು ಹೊರಡಲಿಲ್ಲ. ಇನ್ನಷ್ಟು ಹಣ ಸೇರಿಸಿ ಟೈಟಾನಿಕ್ ಟಿಕೆಟ್ ಕೊಂಡ ಆಕೆ, ಏಪ್ರಿಲ್ 12ರಂದು ಹಡಗಿನಲ್ಲೇ 38ನೆಯ ಹುಟ್ಟುಹಬ್ಬ ಕಳೆದು, ಮೂರು ದಿನಗಳಲ್ಲಿ ತೀರಿಕೊಂಡಳು.

ಇವರೆಲ್ಲರ ಹೆಸರು ನಮಗೆ ಗೊತ್ತಿದೆ. ಪರ್ಷಿಯಾದ ಒಡಲಿನಲ್ಲಿ ಕಲ್ಲಿದ್ದಲು ಸುರಿಯುತ್ತಿದ್ದವರ ಹೆಸರು ಗೊತ್ತಿಲ್ಲ. ಈ ಕಂಪನಿಯ ಹಡಗುಗಳಲ್ಲಿ ಡೆಕ್ಕಿನ ಕೆಲಸಕ್ಕೆ ಪಶ್ಚಿಮ ಕರಾವಳಿಯ ಖಲಾಸಿಗಳು, ಕುಲುಮೆಗೆ ಪಂಜಾಬು ಮತ್ತು ವಾಯವ್ಯ ಗಡಿನಾಡಿನವರು, ಊಟದ ಮೇಜಿಗೆ ಬಡಿಸಲು ಗೋವೆಯವರು ಇರುತ್ತಿದ್ದರು. ನಾವಿಕರ ಮೇಸ್ತ್ರಿಯಾದ ಸೇರಂಗನ ಕೈಕೆಳಗೆ ತಾಂಡೇಲ, ಅವನ ಕೆಳಗೆ ಖಲಾಸಿ. ನಮ್ಮ ಕಾರವಾರದ ಕಡೆ ತಾಂಡೇಲ ಎಂಬುದು ಇಂದಿಗೂ ಮನೆತನದ ಹೆಸರಾಗಿ ಉಳಿದಿದೆ. ಟಾರ್ಪಿಡೊ ಬಡಿದಾಗ ಮೇಲೇರಿ ಬರಲು ಎಲ್ಲರಿಗಿಂತ ಕಡಿಮೆ ಸಮಯ ಸಿಗುತ್ತಿದ್ದುದು ಕುಲುಮೆಯವರಿಗೆ. ಪತ್ರಿಕೆಗಳು ಅವರನ್ನು ಬಹುಮಟ್ಟಿಗೆ ಸಂಖ್ಯೆಯಾಗಿ ಮಾತ್ರ ಮುದ್ರಿಸಿದವು.

ಸಾಮಾನಿಗೆ ಸಿಕ್ಕ ಗಮನವೇ ಬೇರೆ. 1922ರ ಮೇ 20ರಂದು ಮುಂಬಯಿಗೆ ಹೊರಟಿದ್ದ ಇದೇ ಕಂಪನಿಯ ಈಜಿಪ್ಟ್ ಎಂಬ ಹಡಗು, ದಟ್ಟ ಮಂಜಿನಲ್ಲಿ ಸೇನ್ ಎಂಬ ಫ್ರೆಂಚ್ ಹಡಗು ಡಿಕ್ಕಿ ಹೊಡೆದು ಸುಮಾರು 20 ನಿಮಿಷಗಳಲ್ಲಿ ಮುಳುಗಿತು. ಸತ್ತ 80ಕ್ಕೂ ಹೆಚ್ಚು ಮಂದಿಯಲ್ಲಿ ಬಹುಪಾಲು ಹಡಗಿನ ಕೆಲಸಗಾರರೇ. ಅದರಲ್ಲಿದ್ದ 10 ಲಕ್ಷ ಪೌಂಡಿಗೂ ಮಿಕ್ಕಿದ ಚಿನ್ನ, ಬೆಳ್ಳಿಗಾಗಿ 120 ಮೀಟರಿಗೂ ಆಳದಲ್ಲಿ ವರ್ಷಗಟ್ಟಲೆ ಹುಡುಕಾಟ ನಡೆಯಿತು. ಇಟಲಿಯ ಆರ್ಟಿಲಿಯೊ ಎಂಬ ನೌಕೆ 1930ರಲ್ಲಿ ಅವಶೇಷವನ್ನು ಪತ್ತೆಹಚ್ಚಿ, ಅದೇ ಡಿಸೆಂಬರ್‌ನಲ್ಲಿ ಮದ್ದುಗುಂಡು ತುಂಬಿದ್ದ ಇನ್ನೊಂದು ಮುಳುಗಿದ ಹಡಗನ್ನು ಸಿಡಿಸಲು ಹೋಗಿ ತಾನೇ ನಾಶವಾಯಿತು. ಉಳಿದವರು ಬೇರೊಂದು ನೌಕೆಯಲ್ಲಿ ಬಂದು 1932ರಲ್ಲಿ ಚಿನ್ನದ ಗಟ್ಟಿಗಳನ್ನು ಮೇಲೆತ್ತಿದರು.

ಮೊದಲ ಮಹಾಯುದ್ಧದಲ್ಲಿ ಸತ್ತು, ಸಮುದ್ರವಲ್ಲದೆ ಬೇರೆ ಸಮಾಧಿಯಿಲ್ಲದ 2,000ಕ್ಕೂ ಹೆಚ್ಚು ಭಾರತೀಯ ನಾವಿಕರ ಸ್ಮಾರಕವೊಂದು ಮುಂಬಯಿಯ ಮಸೀದಿ ಬಂದರಿನ ನಾವಿಕರ ವಸತಿಗೃಹದಲ್ಲಿದೆ. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಹೋಗಿ ಸಿಎಸ್‌ಎಂಟಿಯಲ್ಲಿ ಇಳಿದರೆ, ಲೋಕಲ್ ರೈಲಿನಲ್ಲಿ ಮೊದಲು ಸಿಗುವ ನಿಲ್ದಾಣವೇ ಮಸೀದಿ. ರಜೆಯಲ್ಲಿ ಹೋಗೋಣವೆಂದು ಅಣ್ಣನ ಮಗಳಿಗೆ ಹೇಳಿದ್ದೇನೆ.